ನಲವತ್ತರ ನಂತರದ ಕಣ್ಣಿಗೆ ಎಂಥ ಕನ್ನಡಕ?

(ಗ್ರಾಮ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಕನ್ನಡಕದ ವಿಷಯ ಏಕೆ ಮಾತನಾಡುತ್ತಾರೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಉಣ್ಣೆ ಔಷಧಿಯನ್ನು ಒಂದು ಲೀಟರ್ ನೀರಿಗೆ ಎಷ್ಟು ಮಿ.ಲೀ. ಬೆರೆಸಬೇಕು, ಜಂತುಹುಳು ಔಷಧಿಯನ್ನು ಕರುವಿಗೆ ಎಷ್ಟು ಕುಡಿಸಬೇಕು, ಅದರ ಅವಧಿ ಯಾವಾಗ ಮುಗಿಯುತ್ತದೆ, ಇವೆಲ್ಲ ಶೀಷೆಯ ಮೇಲೆ ಬಹಳ ಸಣ್ಣ ಅಕ್ಷರದಲ್ಲಿರುತ್ತವೆ. ತಪ್ಪಾಗಿ ಓದಿದರೆ ಹಸುವಿಗೂ ಅಪಾಯ, ನಿಮಗೂ ಅಪಾಯ. ಕೆಚ್ಚಲು ಬಾವಿನ ಮೊದಲ ಗುರುತಾದ ಹಾಲಿನ ಸಣ್ಣ ಗರಣೆಯೂ ಕಣ್ಣಿಗೆ ಬಿದ್ದರೆ ತಾನೇ ಸಕಾಲದಲ್ಲಿ ಚಿಕಿತ್ಸೆ?

ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಡುಸಾಗುತ್ತಾ ಹೋಗಿ, ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಇದನ್ನೇ ಹಿರಿಯರು ಚಾಳೀಸು ಎನ್ನುತ್ತಿದ್ದರು. ಆ ಪದದ ಅರ್ಥವೇ ನಲವತ್ತು. ಇದು ರೋಗವಲ್ಲ. ಕನ್ನಡಕ ಹಾಕಿದರೆ ಕಣ್ಣು ಇನ್ನಷ್ಟು ಕೆಡುತ್ತದೆ ಎಂಬ ಮಾತೂ ನಿಜವಲ್ಲ.

2017ರಲ್ಲಿ ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಕೂಲಿಕಾರರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ಪರೀಕ್ಷಿಸಲಾಯಿತು. ಕನ್ನಡಕ ಸಿಗದ ಗುಂಪಿಗೆ ಹೋಲಿಸಿದರೆ ಅವರ ಕೊಯ್ಲು ಶೇ. 20ಕ್ಕೂ ಹೆಚ್ಚು ಏರಿತು. ಕನ್ನಡಕ ಓದುಬರಹದವರಿಗೆ ಮಾತ್ರ ಎನ್ನುವವರು ಇದನ್ನು ಗಮನಿಸಬೇಕು.

ಈಗ ಮುಖ್ಯ ಮಾತು. ಕನ್ನಡಕವನ್ನು ನಿಮ್ಮ ಕೆಲಸದ ದೂರಕ್ಕೆ ತಕ್ಕಂತೆ ಆರಿಸಿ. ದೂರದ ನೋಟ ಸರಿಯಿರುವವರು +2 ಪವರ್ ಹಾಕಿದರೆ 50 ಸೆಂ.ಮೀ. ಆಚೆ, +2.5 ಹಾಕಿದರೆ 40 ಸೆಂ.ಮೀ. ಆಚೆ ಎಲ್ಲ ಮಸುಕು. ಪವರ್ ಹೆಚ್ಚಾದರೆ ಒಳ್ಳೆಯದು ಎಂಬುದು ತಪ್ಪು. ಆದ್ದರಿಂದ ಮನೆಯಲ್ಲೇ ಒಂದು ದಾರ ಹಿಡಿದು, ಹಾಲು ಕರೆಯಲು ಕುಳಿತಾಗ ಕಣ್ಣಿನಿಂದ ಕೆಚ್ಚಲಿಗೆ ಎಷ್ಟು, ಕೈಯಲ್ಲಿ ಹಿಡಿದ ಶೀಷೆಗೆ ಎಷ್ಟು ಎಂದು ಅಳೆದು ಗಂಟು ಹಾಕಿಕೊಳ್ಳಿ. ಪರೀಕ್ಷೆ ಮಾಡುವವರಿಗೆ ಆ ದಾರ ತೋರಿಸಿ.

ಮಸೂರ ಮೂರು ಬಗೆ:

1. ಒಂದೇ ಪವರಿನದು: ಬೆಲೆ ಕಡಿಮೆ. ದೂರದ ನೋಟ ಚೆನ್ನಾಗಿರುವವರಿಗೆ ಸಾಕು. ಓದುವಾಗ ಹಾಕಿ, ನಡೆಯುವಾಗ ತೆಗೆಯಿರಿ.

2. ಬೈಫೋಕಲ್: ಮೇಲೆ ದೂರಕ್ಕೆ, ಕೆಳಗೆ ಓದಲು. ಎರಡೂ ದೋಷವಿದ್ದವರಿಗೆ ಅನುಕೂಲ. ಆದರೆ ಕೆಳಭಾಗದಿಂದ ನೋಡಿದರೆ ನೆಲ ಮಸುಕು. ಗಂಜಲದ ಚರಂಡಿ, ಮೆಟ್ಟಿಲು, ಗದ್ದೆಯ ಬದುಗಳಲ್ಲಿ ತಲೆ ಬಾಗಿಸಿ ಮೇಲ್ಭಾಗದಿಂದಲೇ ನೋಡಬೇಕು.

3. ಪ್ರೋಗ್ರೆಸಿವ್: ಗೆರೆಯಿಲ್ಲದೆ ದೂರ, ನಡು, ಹತ್ತಿರ ಮೂರೂ ಕಾಣುತ್ತದೆ. ಬೆಲೆ ಹೆಚ್ಚು. ಪಕ್ಕದ ಅಂಚಿನಲ್ಲಿ ಮಸುಕಿರುವುದರಿಂದ ರೂಢಿಯಾಗಲು ಕೆಲವು ದಿನ ಬೇಕು. ಅಳತೆ ಸರಿಯಿಲ್ಲದಿದ್ದರೆ ಹಣ ದಂಡ.

ಗಾಜಿನ ಮಸೂರಕ್ಕೆ ಗೀರು ಬೀಳುವುದು ಕಡಿಮೆ, ಆದರೆ ಭಾರ, ಒಡೆದರೆ ಕಣ್ಣಿಗೇ ಅಪಾಯ. ಪ್ಲಾಸ್ಟಿಕ್ ಹಗುರ. ಪೆಟ್ಟು ತಡೆಯುವುದರಲ್ಲಿ ಪಾಲಿಕಾರ್ಬೊನೇಟ್ ಮೇಲು. ಕೊಂಬಿನ ದನ, ಮೇವು ಕತ್ತರಿಸುವ ಯಂತ್ರದ ನಡುವೆ ಇರುವ ನಮಗೆ ಅದೇ ಸೂಕ್ತ. ಒಣಬಟ್ಟೆಯಿಂದ ಧೂಳು ಉಜ್ಜಬೇಡಿ, ಮೊದಲು ನೀರಿನಲ್ಲಿ ತೊಳೆಯಿರಿ.

ಸಂತೆಯಲ್ಲಿ ಕೊಂಡ ಕನ್ನಡಕದಿಂದ ಅಕ್ಷರ ಕಾಣಬಹುದು, ಕಣ್ಣಿನ ರೋಗ ಕಾಣದು. ಪೊರೆ, ಕಣ್ಣಿನ ಒತ್ತಡ, ಸಕ್ಕರೆ ಕಾಯಿಲೆಯ ತೊಂದರೆ ಪರೀಕ್ಷೆಯಲ್ಲಿ ಮಾತ್ರ ತಿಳಿಯುತ್ತವೆ. ಸಕ್ಕರೆ ಏರುಪೇರಾದಾಗ ಪವರೂ ಬದಲಾಗುವುದರಿಂದ, ಅದು ಹತೋಟಿಗೆ ಬಂದ ಮೇಲೆ ಕನ್ನಡಕ ಮಾಡಿಸಿ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ವಯಸ್ಸಾದ ಬಡವರಿಗೆ ಓದುವ ಕನ್ನಡಕ ಉಚಿತವಾಗಿ ಕೊಡುವ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ವಿಚಾರಿಸಿ.

ಇಂದು ಮನೆಗೆ ಹೋದೊಡನೆ ಔಷಧಿ ಶೀಷೆಯೊಂದನ್ನು ಕೈಗೆತ್ತಿಕೊಳ್ಳಿ. ಓದಲು ಕೈಯನ್ನು ದೂರ ಚಾಚಬೇಕಾಗಿ ಬಂದರೆ ತಡಮಾಡದೆ ಕಣ್ಣು ಪರೀಕ್ಷೆ ಮಾಡಿಸಿ. ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಹಾಲು ಕರೆಯುವವರು, ಕರು ನೋಡಿಕೊಳ್ಳುವವರು ಹೆಚ್ಚಾಗಿ ಅವರೇ.