ಕಿತ್ತೂರಿನ ವಾರಸುದಾರರು ಯಾರು?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನಾನು ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದವನು. ಒಮ್ಮೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ದತ್ತುಮಕ್ಕಳಿಗೆ ಹಕ್ಕಿಲ್ಲ ಎಂದ ಡಾಲ್‌ಹೌಸಿ ಬಂದದ್ದು 1848ರಲ್ಲಿ. ಕಿತ್ತೂರಿನ ಯುದ್ಧ 1824ರಲ್ಲೇ ಹೇಗಾಯಿತು?”

ಒಳ್ಳೆಯ ಪ್ರಶ್ನೆ. ಸಾತಾರಾ, ಝಾನ್ಸಿ, ನಾಗಪುರಗಳನ್ನು ನುಂಗಿದ ಆ ನೀತಿಗೆ ಹೆಸರು ಬರುವ ಮೊದಲೇ ಅದರ ಪೆಟ್ಟು ನಮ್ಮ ನಾಡಿಗೆ ಬಿದ್ದಿತ್ತು. 1818ರಲ್ಲಿ ಪೇಶ್ವೆಯ ವಿರುದ್ಧ ಕಿತ್ತೂರು ಕಂಪನಿಗೆ ನೆರವಾಯಿತು. ಪ್ರತಿಯಾಗಿ ಮನ್ರೋನಿಂದ ಸನದು ಸಿಕ್ಕಿತು. ಅದನ್ನು ನಾವು ಗೌರವವೆಂದು ತಿಳಿದೆವು. ಆದರೆ ಇನ್ನೊಬ್ಬರು ಬರೆದುಕೊಟ್ಟ ಹಕ್ಕನ್ನು ಅವರೇ ಅಳಿಸಬಲ್ಲರು. ಆರೇ ವರ್ಷಗಳಲ್ಲಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ಲಿಂಗೈಕ್ಯರಾದರು. ದತ್ತುಪುತ್ರ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಭಂಡಾರಕ್ಕೆ ಕಾವಲು ಹಾಕಿಸಿದ. ಮನೆಯ ಮಗ ಯಾರೆಂದು ಹೇಳುವ ಅಧಿಕಾರವೂ ಮನೆಯವರ ಕೈತಪ್ಪಿತು.

ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ತಾಯಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ಲಿಂಗೈಕ್ಯರಾದರು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಕುರುಬ ಮನೆತನದ ಸಂಗೊಳ್ಳಿ ರಾಯಣ್ಣ ಅದೇ ದತ್ತುಮಗನನ್ನು ಗದ್ದುಗೆಗೇರಿಸಲು ಮತ್ತೆ ಕತ್ತಿ ಹಿಡಿದರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದರು. ಕಂಪನಿ ರಕ್ತದ ಸಂಬಂಧ ಕೇಳಿತು. ರಾಯಣ್ಣ ಕೇಳಲಿಲ್ಲ, ತಾಯಿ ಒಪ್ಪಿದವನೇ ಮಗ ಎಂದು ಪ್ರಾಣ ಕೊಟ್ಟರು. ಹುಟ್ಟಿನಿಂದಲ್ಲ, ನಡೆಯಿಂದ ಮನುಷ್ಯನನ್ನು ಅಳೆಯಬೇಕೆಂದು ನಮ್ಮ ಶರಣರು ಹೇಳಿದ್ದೂ ಇದನ್ನೇ ಅಲ್ಲವೇ?

ಇಂದು ನಮ್ಮ ಮೆರವಣಿಗೆಯ ಬ್ಯಾನರಿನಲ್ಲಿ ಚೆನ್ನಮ್ಮ ಮಾತ್ರ ಇರುತ್ತಾರೆ. ರಾಯಣ್ಣ ಇನ್ನೊಂದು ಓಣಿಯ ಬ್ಯಾನರಿನಲ್ಲಿ. ಒಂದೇ ರಣದಲ್ಲಿ ನಿಂತವರನ್ನು ನಾವು ಜಾತಿಗೊಂದರಂತೆ ಹಂಚಿಕೊಂಡಿದ್ದೇವೆ. ನಾನೂ ಅಂಥ ಮೆರವಣಿಗೆಗಳಲ್ಲಿ ಸುಮ್ಮನೆ ನಡೆದವನೇ. ತಪ್ಪು ನನ್ನದೂ ಹೌದು.

ಈ ಸಲದ ವಿಜಯೋತ್ಸವಕ್ಕೆ ಆ ಓಣಿಯವರನ್ನು ನಾವೇ ಹೋಗಿ ಕರೆಯೋಣ. ಇಬ್ಬರ ಭಾವಚಿತ್ರವೂ ಒಂದೇ ಪಲ್ಲಕ್ಕಿಯಲ್ಲಿ ಬರಲಿ. ಕಿತ್ತೂರಿನ ವಾರಸುದಾರರು ಯಾರೆಂಬ ಪ್ರಶ್ನೆಗೆ ಊರೇ ಉತ್ತರ ಕೊಡಲಿ.