ಎಣ್ಣೆ ಕುಡಿದ ಮಣ್ಣಿಗೆ ಅಂಟುವಾಳದ ನೀರು

(ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಿಮ್ಮದು ಮಳೆಯ ನಾಡು, ರಾಯಚೂರು ಬಿಸಿಲ ನಾಡು. ಆದರೂ ನಮ್ಮ ನಡುವೆ ನೀರಿನ ನಂಟಿದೆ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ತುಂಗಭದ್ರಾ ಎಡದಂಡೆ ಕಾಲುವೆಯ ಮೂಲಕ ಮಾನ್ವಿಯ ಭತ್ತದ ಗದ್ದೆಗಳನ್ನು ಮುಟ್ಟುತ್ತಾರೆ. ಆದ್ದರಿಂದ 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತದ್ದು ಕೆಳಗಿನವರಿಗೂ ನೆಮ್ಮದಿಯ ಸುದ್ದಿಯಾಗಿತ್ತು. ಇಂದು ನಾನು ಹೇಳಹೊರಟಿರುವುದು ಮಣ್ಣಿನ ಮಾತು. ಆದರೆ ಅದು ಕೊನೆಗೆ ನೀರಿನ ಮಾತೇ ಆಗುತ್ತದೆ.

ಎಣ್ಣೆಯಿಂದ ಮಣ್ಣು ಕೆಡುವುದೆಂದರೆ ಸಮುದ್ರದಲ್ಲಿ ಒಡೆದ ಹಡಗು ನಮ್ಮ ಕಣ್ಣಮುಂದೆ ಬರುತ್ತದೆ. ಹಳ್ಳಿಯಲ್ಲಿ ಅದು ಸದ್ದಿಲ್ಲದೆ ನಡೆಯುತ್ತದೆ. ಕಾಲುವೆಯ ಕೊನೆಭಾಗದ ರೈತ ನೀರೆತ್ತಲು ಇಡುವ ಡೀಸೆಲ್ ಎಂಜಿನ್, ಟ್ರ್ಯಾಕ್ಟರ್ ದುರಸ್ತಿಯ ಅಂಗಳ, ಪಟ್ಟಣದ ಗ್ಯಾರೇಜು, ಇಲ್ಲೆಲ್ಲ ಬಸಿದ ಕರಿ ಎಣ್ಣೆ ನೆಲ ಸೇರುತ್ತದೆ. ಬೇಲಿಗೂಟಕ್ಕೆ ವರಲೆ ಹಿಡಿಯದಿರಲೆಂದು ಇದೇ ಎಣ್ಣೆಯನ್ನು ಬಳಿಯುವ ರೂಢಿ ಮಲೆನಾಡಿನಲ್ಲಿಯೂ ಉಂಟು. ಎಣ್ಣೆ ಮೆತ್ತಿದ ಮಣ್ಣು ನೀರನ್ನು ಹೀರದು, ಗಾಳಿಯಾಡದು. ಬಿದ್ದ ಬೀಜ ಸರಿಯಾಗಿ ಮೊಳೆಯದು.

ಇದಕ್ಕೆ ಸಸ್ಯದ ಸಾರದಿಂದ ಪರಿಹಾರವುಂಟೆ? ಅಭ್ಯಂಜನದ ದಿನ ತಲೆಯ ಎಣ್ಣೆಯನ್ನು ಸೀಗೆ, ಅಂಟುವಾಳಗಳಿಂದ ತೊಳೆದ ನಮ್ಮ ಅಜ್ಜಿಯಂದಿರಿಗೆ ಅರ್ಧ ಉತ್ತರ ಗೊತ್ತಿತ್ತು. ಈ ಕಾಯಿಗಳಲ್ಲಿ ಸಪೋನಿನ್ ಎಂಬ ವಸ್ತುವಿದೆ. ಅದರ ಕಣದ ಒಂದು ತುದಿಗೆ ನೀರು ಹಿತ, ಇನ್ನೊಂದು ತುದಿಗೆ ಎಣ್ಣೆ ಹಿತ. ಎರಡನ್ನೂ ಹಿಡಿದು ಅದು ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸುತ್ತದೆ. 1990ರ ದಶಕದಲ್ಲಿ ಅಮೆರಿಕದ ಲೂಸಿಯಾನಾದ ಸಂಶೋಧಕರು ಉತ್ತರ ಭಾರತದ ರೀಠಾ ಕಾಯಿಯ ಸಾರದಿಂದ ರಾಸಾಯನಿಕ ವಿಷ ಹಿಡಿದ ಮಣ್ಣನ್ನು ತೊಳೆದು ಪರೀಕ್ಷಿಸಿದರು. ನಮ್ಮ ಅಂಟುವಾಳ ಅದೇ ಕುಲದ ಮರ.

ಆದರೆ ತೊಳೆಯುವುದು ಬೇರೆ, ಇಲ್ಲವಾಗಿಸುವುದು ಬೇರೆ. ಅಂಟುವಾಳ ಎಣ್ಣೆಯನ್ನು ಮಣ್ಣಿನಿಂದ ನೀರಿಗೆ ವರ್ಗಾಯಿಸುತ್ತದೆ, ಅಷ್ಟೆ. ಆ ನೀರನ್ನು ಕಾಲುವೆಗೆ ಬಿಟ್ಟರೆ ಮಾನ್ವಿಯ ಕೊಳೆ ತುಂಗಭದ್ರೆಗೆ, ದೇವದುರ್ಗದ ಕೊಳೆ ಕೃಷ್ಣೆಗೆ ಸೇರೀತು. ಸಪೋನಿನ್ ತಾನೇ ಮೀನಿಗೆ ವಿಷ. ಸಸ್ಯಜನ್ಯವಾದುದೆಲ್ಲ ನಿರಪಾಯವೆಂಬ ನಂಬಿಕೆಯನ್ನು ನಾವು ಬಿಡಬೇಕು.

ಎಣ್ಣೆಯನ್ನು ನಿಜವಾಗಿ ತಿಂದು ಮುಗಿಸುವವರು ಮಣ್ಣಿನ ಸೂಕ್ಷ್ಮಜೀವಿಗಳು. ದೆಹಲಿಯ ಟೆರಿ ಸಂಸ್ಥೆ ಇಂತಹ ಬ್ಯಾಕ್ಟೀರಿಯಾಗಳ ಗುಂಪೊಂದನ್ನು ‘ಆಯಿಲ್‌ಜ್ಯಾಪರ್’ ಎಂಬ ಹೆಸರಿನಲ್ಲಿ ರೂಪಿಸಿದೆ. ದೇಶದ ತೈಲಕ್ಷೇತ್ರಗಳಲ್ಲಿ ಅದು ಬಳಕೆಯಾಗಿದೆ. ಎಣ್ಣೆ ಸಣ್ಣ ಹನಿಗಳಾದರೆ ಜೀವಿಗಳಿಗೆ ತುತ್ತು ಸುಲಭವಾಗಿ ಎಟಕುತ್ತದೆ. ಸಸ್ಯಸಾರದ ನಿಜವಾದ ಉಪಯೋಗ ಇಲ್ಲಿದೆ. ಆದರೆ ಎಣ್ಣೆಯಲ್ಲಿ ಇಂಗಾಲವಿದೆಯೇ ಹೊರತು ಜೀವಿಗಳಿಗೆ ಬೇಕಾದ ಸಾರಜನಕ, ರಂಜಕಗಳು ಸಾಲವು. ನೂರು ಪಾಲು ಇಂಗಾಲಕ್ಕೆ ಸುಮಾರು ಹತ್ತು ಪಾಲು ಸಾರಜನಕ, ಒಂದು ಪಾಲು ರಂಜಕ ಎಂಬುದು ಬಳಕೆಯಲ್ಲಿರುವ ಲೆಕ್ಕ. ಕಳಿತ ಸಗಣಿಗೊಬ್ಬರ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಜೊತೆಗೆ ಗಾಳಿ ಮತ್ತು ಹದವಾದ ತೇವ ಬೇಕು. ನೀರು ನಿಂತ ಗದ್ದೆಯಲ್ಲಿ ಗಾಳಿಯಿಲ್ಲ. ಒಣಗಿದ ಬೇಸಿಗೆಯ ಹೊಲದಲ್ಲಿ ತೇವವಿಲ್ಲ.

ಮಣ್ಣಿನ ಗುಣವನ್ನೂ ನೋಡಬೇಕು. ಮರಳು ಬೆರೆತ ಮಸಾರಿ ಮಣ್ಣು ಬೇಗ ತೊಳೆಯುತ್ತದೆ. ಎರೆ ಮಣ್ಣಿನ ನುಣ್ಣನೆಯ ಜೇಡಿ ಎಣ್ಣೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಅದು ಬಿರಿದಾಗ ಚೆಲ್ಲಿದ ಎಣ್ಣೆ ಬಿರುಕಿನಲ್ಲಿ ಆಳಕ್ಕಿಳಿಯುತ್ತದೆ. ಅಲ್ಲಿ ತೊಳೆಯುವ ಹಟ ಬೇಡ. ಕೆಟ್ಟ ಮಣ್ಣನ್ನು ಅಗೆದು, ದಪ್ಪ ತಾಡಪಾಲಿನ ಮೇಲೆ ಹರಡಿ, ಗೊಬ್ಬರ ಬೆರೆಸಿ, ತೆಳುವಾದ ಅಂಟುವಾಳದ ನೀರು ಚಿಮುಕಿಸಿ, ವಾರಕ್ಕೊಮ್ಮೆ ಮಗುಚುವುದು ಮೇಲು. ಇದು ತಿಂಗಳುಗಟ್ಟಲೆಯ ಕೆಲಸ. ಎಂಜಿನ್ನಿನ ಸವಕಳಿಯಿಂದ ಕರಿ ಎಣ್ಣೆಗೆ ಸೇರಿದ ಲೋಹದಂಶಗಳು ಮಾತ್ರ ಯಾವ ಜೀವಿಗೂ ಕರಗವು. ಆದ್ದರಿಂದ ಹೀಗೆ ಸುಧಾರಿಸಿದ ಮಣ್ಣಿನಲ್ಲಿ, ಪರೀಕ್ಷೆ ಮಾಡಿಸದೆ, ಸೊಪ್ಪು ತರಕಾರಿ ಬೆಳೆಯಬಾರದು.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಎಣ್ಣೆ ಬಿದ್ದ ಮಣ್ಣನ್ನು ನಾಲ್ಕು ಕುಂಡಗಳಲ್ಲಿ ತುಂಬಿರಿ. ಒಂದಕ್ಕೆ ಬರಿಯ ನೀರು, ಒಂದಕ್ಕೆ ಅಂಟುವಾಳದ ನೀರು, ಒಂದಕ್ಕೆ ಗೊಬ್ಬರ, ಇನ್ನೊಂದಕ್ಕೆ ಎರಡೂ. ಎರಡು ತಿಂಗಳ ಬಳಿಕ ಪ್ರತಿಯೊಂದರಲ್ಲಿಯೂ ಇಪ್ಪತ್ತು ಹೆಸರುಕಾಳು ಬಿತ್ತಿ, ಮೊಳೆತವನ್ನು ಎಣಿಸಿರಿ. ಕೈಗವಸು ತೊಡಿರಿ, ಬಸಿದ ನೀರನ್ನು ಚರಂಡಿಗೆ ಚೆಲ್ಲದೆ ಮರಳಿ ಕುಂಡಕ್ಕೇ ಹಾಕಿರಿ.

ಕೊನೆಯದಾಗಿ ಒಂದು ಎಚ್ಚರಿಕೆ. ಈ ವಿದ್ಯೆಗೆ ನಾಳೆ ಪೇಟೆಯ ಬೆಲೆ ಬಂದರೆ ವ್ಯಾಪಾರಿಗಳ ಕಣ್ಣು ಬೀಳುವುದು ನಿಮ್ಮ ಕಾಡಿನ ಅಂಟುವಾಳದ ಮೇಲೆ, ಸೀಗೆಯ ಬಳ್ಳಿಯ ಮೇಲೆ. ಬಯಲಿನ ಕೊಳೆ ತೊಳೆಯಲು ಮಲೆನಾಡು ಬರಿದಾಗಬಾರದು. ಎಂಜಿನ್ನಿನ ಅಡಿಗೊಂದು ತಗಡಿನ ತಟ್ಟೆ ಇಟ್ಟರೆ, ಬಸಿದ ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಟ್ಟು ನೋಂದಾಯಿತ ಮರುಶುದ್ಧೀಕರಣದವರಿಗೆ ತಲುಪಿಸಿದರೆ, ತೊಳೆಯುವ ಪ್ರಮೇಯವೇ ಬಾರದು. ತೊಳೆಯುವ ಜಾಣತನಕ್ಕಿಂತ ಚೆಲ್ಲದಿರುವ ವಿವೇಕ ದೊಡ್ಡದು. ನಿಮ್ಮ ತೋಟದ ಪಂಪ್‌ಸೆಟ್ಟಿನಿಂದಲೇ ಆ ಕೆಲಸ ಮೊದಲಾಗಲಿ.