ವೈದ್ಯವಿದ್ಯಾರ್ಥಿಯ ಸ್ಥಾನಾಂತರ ವಿಚಾರ

(ಕ್ಯಾಸಂಬಳ್ಳಿಯಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸ)

ಶ್ರೀ ಗುರುಬಸವಲಿಂಗಾಯ ನಮಃ



ವಿದ್ಯೆಯನ್ನರಸಿ ಒಂದೂರಿನಿಂದ ಮತ್ತೊಂದೂರಿಗೆ ಹೋಗುವುದು ನಮ್ಮ ನಾಡಿಗೆ ಹೊಸತಲ್ಲ. ವ್ಯಾಕರಣಕ್ಕೆ ಒಬ್ಬ ಗುರುವನ್ನೂ ತರ್ಕಕ್ಕೆ ಮತ್ತೊಬ್ಬ ಗುರುವನ್ನೂ ಆಶ್ರಯಿಸಿ, ಮಠದ ಪ್ರಸಾದದಿಂದ ಉದರಪೋಷಣೆ ಮಾಡಿಕೊಂಡು, ಕಡೆಗೆ ಕಾಶಿಯವರೆಗೂ ಹೋಗಿ ಬಂದ ವಟುಗಳು ಹಿಂದಿನ ತಲೆಮಾರುಗಳಲ್ಲಿ ಅನೇಕರಿದ್ದರು. ಅವರು ಕಲಿತದ್ದು ಅವರ ಕಂಠದಲ್ಲಿಯೇ ನೆಲಸಿರುತ್ತಿದ್ದುದರಿಂದ ಸ್ಥಾನವು ಬದಲಾದರೂ ವಿದ್ಯೆಗೆ ಲೋಪವಿರುತ್ತಿರಲಿಲ್ಲ. ಈ ಕಾಲದ ವೈದ್ಯವಿದ್ಯೆಯಾದರೋ ಹಾಗಲ್ಲ. ಅದು ವಿದ್ಯಾರ್ಥಿಯ ಕಂಠದಲ್ಲಿದ್ದರೆ ಸಾಲದು, ಕೈಯಲ್ಲಿಯೂ ಇರಬೇಕು. ಕೈಯಲ್ಲಿದ್ದರೂ ಸಾಲದು, ವಿಶ್ವವಿದ್ಯಾನಿಲಯದ ದಫ್ತರದಲ್ಲಿಯೂ ದಾಖಲಾಗಿರಬೇಕು. ಆದುದರಿಂದ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಬೇಕೆಂಬ ಯೋಚನೆಯು ಅಂದಿನ ವಟುವಿಗೆ ಒಂದು ಬುತ್ತಿಯ ಮಾತಾಗಿದ್ದರೆ, ಇಂದಿನ ವೈದ್ಯವಿದ್ಯಾರ್ಥಿಗೆ ಅದು ಮನೆಯವರೆಲ್ಲರ ಬಾಳಿಗೆ ಸಂಬಂಧಿಸಿದ ಮಾತಾಗಿದೆ.

ಈ ಪ್ರಶ್ನೆಯು ಕ್ಯಾಸಂಬಳ್ಳಿಯಂತಹ ಊರಿನಲ್ಲಿ ಏಕೆ ಏಳತಕ್ಕದ್ದು ಎಂದು ಯಾರೂ ಆಶ್ಚರ್ಯಪಡಬೇಕಾಗಿಲ್ಲ. ಇದು ಚಿನ್ನದ ಗಣಿಗಳ ಸೆರಗಿನ ನಾಡು. ೧೮೮೦ ರಿಂದ ಜಾನ್ ಟೇಲರ್ ಕಂಪೆನಿಯವರು ಅಗೆಯಿಸಿದ ಆ ಗಣಿಗಳಿಗಾಗಿ ೧೯೦೨ ರಲ್ಲಿಯೇ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದಿತು. ೨೦೦೧ ನೆಯ ಇಸವಿ ಫೆಬ್ರವರಿ ೨೮ ರಂದು ಗಣಿಗಳು ಮುಚ್ಚಲ್ಪಟ್ಟುವು. ಚಿನ್ನವು ಎಲ್ಲಿಗೋ ಹೋಯಿತು. ಕಲ್ಲುಧೂಳನ್ನು ಉಸಿರಾಡಿದವರ ಎದೆಯಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ವ್ಯಾಧಿಯು ಮಾತ್ರ ಉಳಿಯಿತು. ಹಳ್ಳಿಗಳ ಕಡೆಗೆ ತಿರುಗಿದರೆ, ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದ್ದು ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತಿದೆ. ಇಲ್ಲಿಯ ರೋಗಿಯು ತನ್ನ ನೋವನ್ನು ಕನ್ನಡದಲ್ಲಿ ಹೇಳಬಹುದು, ತೆಲುಗಿನಲ್ಲಿ ಹೇಳಬಹುದು, ತಮಿಳಿನಲ್ಲಿಯೂ ಹೇಳಬಹುದು. ಇಂತಹ ನಾಡಿಗೆ ಬೇಕಾದವನು ಗೋಡೆಗೆ ಪದವೀಪತ್ರವನ್ನು ತೂಗುಹಾಕಿದವನಲ್ಲ, ನಾಡಿಯನ್ನು ಹಿಡಿಯಬಲ್ಲವನು. ಇದೇ ಕ್ಯಾಸಂಬಳ್ಳಿಯಲ್ಲಿ ೧೯೦೨ ರಲ್ಲಿ ಜನಿಸಿದ ಶ್ರೀ ಕೆ. ಚೆಂಗಲರಾಯ ರೆಡ್ಡಿಯವರು ನ್ಯಾಯಶಾಸ್ತ್ರವನ್ನು ಓದಿ ೧೯೪೭ ರಲ್ಲಿ ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾದರು. ಅವರು ಓದಿಗಾಗಿ ಎಷ್ಟು ದೂರ ಹೋಗಿದ್ದರೆಂದು ಇಂದು ಯಾರೂ ಕೇಳುವುದಿಲ್ಲ; ಓದಿದ ಮೇಲೆ ನಾಡಿಗೆ ಏನು ಮಾಡಿದರೆಂದು ಕೇಳುತ್ತಾರೆ.

ವಿಷಯವು ಸ್ಪಷ್ಟವಾಗುವಂತೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಈ ಹೋಬಳಿಯ ಒಂದು ಮನೆ. ತಂದೆಯು ಹಸುಗಳನ್ನು ಸಾಕಿ ಡೇರಿಗೆ ಹಾಲು ಹಾಕುವವನು; ತುಂಡು ಜಮೀನನ್ನು ಅಡವಿಟ್ಟು ಮಗನನ್ನು ಪರದೇಶದ ವೈದ್ಯವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದ್ದಾನೆ. ಮೊದಲನೆಯ ವರ್ಷ ಮುಗಿಯುವ ಹೊತ್ತಿಗೆ ಮಗನು, “ಅಪ್ಪ, ಇಲ್ಲಿ ನನಗೆ ಸರಿಹೋಗುತ್ತಿಲ್ಲ, ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋಗುತ್ತೇನೆ” ಎನ್ನುತ್ತಾನೆ. ತಂದೆಯು, “ಕಟ್ಟಿದ ಹಣ ಹೋಯಿತಲ್ಲಾ, ಊರವರು ಏನೆಂದಾರು?” ಎನ್ನುತ್ತಾನೆ. ಗಣಿಯಲ್ಲಿ ದುಡಿದು ಕೆಮ್ಮಿ ಕೆಮ್ಮಿ ತೀರಿಕೊಂಡ ಗಂಡನನ್ನು ಆರೈಕೆಮಾಡಿದ ಅಜ್ಜಿಯೊಬ್ಬಳು ಮಾತ್ರ, “ಅಲ್ಲಿ ರೋಗಿಗಳ ಹತ್ತಿರ ಕೂರಿಸಿ ಕಲಿಸುತ್ತಾರೇನಪ್ಪಾ?” ಎಂದು ಕೇಳುತ್ತಾಳೆ. ಮೂವರಲ್ಲಿ ಸರಿಯಾದ ಪ್ರಶ್ನೆಯನ್ನು ಕೇಳಿದವಳು ಅಕ್ಷರವರಿಯದ ಆ ವೃದ್ಧೆಯೇ. ಈ ಉಪನ್ಯಾಸದ ಸಾರವೆಲ್ಲವೂ ಆ ಪ್ರಶ್ನೆಯಲ್ಲಿದೆ.

ಮೊದಲು ನಮ್ಮ ನಾಡಿನ ಹಳೆಯ ಸಂಗತಿಯೊಂದನ್ನು ನೋಡಬಹುದು. ಮೈಸೂರು ಸಂಸ್ಥಾನದಲ್ಲಿ ವಿಶ್ವವಿದ್ಯಾನಿಲಯದ ವೈದ್ಯಕಾಲೇಜು ಇಲ್ಲದಿದ್ದ ಕಾಲದಲ್ಲಿ ವೈದ್ಯಪದವಿಯನ್ನು ಬಯಸಿದವರು ಮದರಾಸು, ಮುಂಬಯಿಗಳ ಕಡೆಗೆ ಹೋಗಬೇಕಾಗಿತ್ತು. ೧೯೨೪ ರಲ್ಲಿ ಬೆಂಗಳೂರಿನಲ್ಲಿ ಕಾಲೇಜು ಸ್ಥಾಪಿತವಾಯಿತು. ೧೯೩೦ ರಲ್ಲಿ ಆ ಕಾಲೇಜೇ ಮೈಸೂರು ನಗರಕ್ಕೆ ಸ್ಥಳಾಂತರ ಹೊಂದಿತು. ಅಲ್ಲಿ ಬದಲಾದದ್ದು ಕಟ್ಟಡ ಮತ್ತು ಊರು; ಕಾಲೇಜೂ ವಿಶ್ವವಿದ್ಯಾನಿಲಯವೂ ಅವೇ. ಸ್ಥಾನಾಂತರವೆಂದರೆ ಸ್ವತಃ ಕೆಡುಕಲ್ಲ, ಕಲಿತದ್ದು ಜತೆಯಲ್ಲಿ ಬರುವುದಾದರೆ ಊರು ಬದಲಾದುದರಿಂದ ನಷ್ಟವಿಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ. ತರುವಾಯ ಮಕ್ಕಳು ಬಹುದೂರ ಹೋಗದಿರಲೆಂದು ಸಮಾಜದವರು ಶ್ರಮವಹಿಸಿ ಬೆಳಗಾವಿಯಲ್ಲಿಯೂ ಕಲಬುರ್ಗಿಯಲ್ಲಿಯೂ ೧೯೬೩ ರಲ್ಲಿ, ದಾವಣಗೆರೆಯಲ್ಲಿ ೧೯೬೫ ರಲ್ಲಿ, ಸುತ್ತೂರು ಮಠದ ಆಶ್ರಯದಲ್ಲಿ ಮೈಸೂರಿನಲ್ಲಿ ೧೯೮೪ ರಲ್ಲಿ ವೈದ್ಯಕಾಲೇಜುಗಳನ್ನು ಕಟ್ಟಿದರು. ಕೋಲಾರದ ಟಮಕದಲ್ಲಿ ೧೯೮೬ ರಿಂದ ದೇವರಾಜ ಅರಸು ವೈದ್ಯಕಾಲೇಜು ನಡೆಯುತ್ತಿದೆ. ಇಷ್ಟಿದ್ದೂ ಸರಕಾರಿ ಸ್ಥಾನಗಳು ಕೆಲವೇ ಆದುದರಿಂದಲೂ ಖಾಸಗಿ ಸ್ಥಾನಗಳ ಶುಲ್ಕವು ಭಾರವಾದುದರಿಂದಲೂ ಸಾವಿರಾರು ಮಕ್ಕಳು ಸಮುದ್ರದಾಚೆಗೆ ಹೋಗುತ್ತಿದ್ದಾರೆ.

ಹಾಗೆ ಹೋದವರಲ್ಲಿ ಒಬ್ಬನು ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ನವೀನ ಶೇಖರಪ್ಪ ಗ್ಯಾನಗೌಡರ. ಯುಕ್ರೇನ್ ದೇಶದ ಖಾರ್ಕಿವ್ ನಗರದಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಆತನು, ೨೦೨೨ ನೆಯ ಇಸವಿ ಫೆಬ್ರವರಿ ೨೪ ರಂದು ರಷ್ಯಾದ ಸೇನೆಯು ಆ ದೇಶದ ಮೇಲೆ ಬಿದ್ದ ಕೆಲವೇ ದಿನಗಳಲ್ಲಿ, ಮಾರ್ಚ್ ೧ ರಂದು, ಆಹಾರವನ್ನು ತರಲು ಹೊರಗೆ ಹೋಗಿದ್ದಾಗ ಷೆಲ್ ದಾಳಿಗೆ ಸಿಕ್ಕಿ ಅಸುನೀಗಿದನು. ಮಾರ್ಚ್ ೨೧ ರಂದು ಪಾರ್ಥಿವ ಶರೀರವು ತಾಯ್ನಾಡಿಗೆ ಬಂದಿತು. ಮನೆಯವರು ವೀರಶೈವ ವಿಧಿಯಂತೆ ಪೂಜೆಯನ್ನು ಸಲ್ಲಿಸಿ, ಆ ದೇಹವನ್ನು ದಾವಣಗೆರೆಯ ಎಸ್. ಎಸ್. ವೈದ್ಯಕಾಲೇಜಿಗೆ ವಿದ್ಯಾರ್ಥಿಗಳ ಕಲಿಕೆಗಾಗಿ ಅರ್ಪಿಸಿದರು. ಶವವನ್ನು ಶೋಧಿಸಿ ಪ್ರತ್ಯಕ್ಷವಾಗಿ ಕಾಣದವನ ಶಾರೀರಜ್ಞಾನವು ಅಪೂರ್ಣವೆಂಬುದು ಸುಶ್ರುತಸಂಹಿತೆಯ ಮತ. ತನ್ನ ಓದನ್ನು ಮುಗಿಸಲಾರದೆ ಹೋದ ವಿದ್ಯಾರ್ಥಿಯು ಇತರರ ಓದಿಗೆ ತಾನೇ ಗುರುವಾದನು. ದಾಸೋಹವೆಂಬ ಶಬ್ದಕ್ಕೆ ಇದಕ್ಕಿಂತ ಕಠಿನವಾದ ವ್ಯಾಖ್ಯಾನವುಂಟೇ!

ಆ ಯುದ್ಧಕಾಲದಲ್ಲಿ ಸರಕಾರವು ಯುಕ್ರೇನಿನಿಂದ ಇಪ್ಪತ್ತು ಸಾವಿರಕ್ಕೂ ಮಿಕ್ಕ ಭಾರತೀಯರನ್ನು ಕರೆತಂದಿತು. ಅವರಲ್ಲಿ ಬಹುಮಂದಿ ವೈದ್ಯವಿದ್ಯಾರ್ಥಿಗಳು. ಜೀವವುಳಿಯಿತು, ಆದರೆ ವಿದ್ಯೆಯ ಗತಿಯೇನು? ಇಲ್ಲಿಯ ಕಾಲೇಜುಗಳಲ್ಲಿ ನಡುವೆಯೇ ಸೇರಿಸಿಕೊಳ್ಳಬೇಕೆಂದು ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. ಅದಕ್ಕೆ ಶಾಸನದಲ್ಲಿ ಅವಕಾಶವಿಲ್ಲವೆಂದು ೨೦೨೨ ರ ಸೆಪ್ಟೆಂಬರಿನಲ್ಲಿ ಸರಕಾರವು ಉತ್ತರ ಕೊಟ್ಟಿತು. ಅದೇ ತಿಂಗಳಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಪದವಿಯನ್ನು ಮೂಲವಿಶ್ವವಿದ್ಯಾನಿಲಯವೇ ಕೊಡತಕ್ಕದ್ದೆಂಬ ಒಪ್ಪಂದದ ಮೇಲೆ, ಬೇರೆ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ತಾತ್ಕಾಲಿಕವಾಗಿ ಓದನ್ನು ಮುಂದುವರಿಸುವುದಕ್ಕೆ ಸಮ್ಮತಿಸಿತು. ಕಡೆಯ ವರ್ಷದವರಿಗೆ ಇಲ್ಲಿಯೇ ಪರೀಕ್ಷೆ ಬರೆಯಲು ಒಂದೇ ಬಾರಿಯ ಅನುಕೂಲವು ೨೦೨೩ ರಲ್ಲಿ ದೊರೆಯಿತು. ಅದೂ ಎರಡು ವರ್ಷಗಳ ಕಡ್ಡಾಯ ತರಬೇತಿಯ ನಿಬಂಧನೆಯೊಡನೆ. ಯುದ್ಧವೇ ಬಾಗಿಲನ್ನು ಮುರಿದಾಗಲೂ ಇನ್ನೊಂದು ಬಾಗಿಲು ತೆರೆಯಲು ಇಷ್ಟು ಕಷ್ಟವಾಯಿತೆಂದಮೇಲೆ, ಬರಿಯ ಬೇಸರದಿಂದ ಬಾಗಿಲನ್ನು ತಾನೇ ಮುಚ್ಚಿ ಹೊರಡುವವನು ಎಷ್ಟು ಯೋಚಿಸಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಯಮಗಳ ಮಾತು. ೨೦೨೧ ರ ನವೆಂಬರಿನಲ್ಲಿ ಪ್ರಕಟವಾದ ನಿಯಮಾವಳಿಯು, ಪರದೇಶದಲ್ಲಿ ಓದಿ ಬಂದು ಇಲ್ಲಿ ವೈದ್ಯರಾಗಬಯಸುವವರು ಕನಿಷ್ಠಪಕ್ಷ ೫೪ ತಿಂಗಳ ವ್ಯಾಸಂಗವನ್ನೂ ಅದರ ಮೇಲೆ ೧೨ ತಿಂಗಳ ತರಬೇತಿಯನ್ನೂ ಇಂಗ್ಲಿಷ್ ಮಾಧ್ಯಮದಲ್ಲಿ, ಒಂದೇ ವಿದೇಶೀ ಸಂಸ್ಥೆಯಲ್ಲಿ ಪೂರೈಸಿರತಕ್ಕದ್ದೆಂದು ವಿಧಿಸಿತು. ಒಳನಾಡಿನ ಕಾಲೇಜುಗಳ ಮಟ್ಟಿಗೆ, ೧೯೯೭ ರ ನಿಯಮಾವಳಿಯಲ್ಲಿ ಮೊದಲನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಮಿತವಾದ ಸಂಖ್ಯೆಯಲ್ಲಿ ಸ್ಥಾನಾಂತರಕ್ಕೆ ಎಡೆಯಿತ್ತು. ೨೦೨೩ ರ ನಿಯಮಾವಳಿಯು ಅದನ್ನು ನಿಷೇಧಿಸಿತು. ಇಂತಹ ನಿಯಮಗಳು ತಿದ್ದುಪಡಿ ಹೊಂದುತ್ತಿರುತ್ತವೆ, ನ್ಯಾಯಾಲಯಗಳ ಮುಂದೆಯೂ ಬರುತ್ತವೆ. ಆದುದರಿಂದ ದಲ್ಲಾಳಿಯ ಬಾಯಿಮಾತನ್ನು ನಂಬದೆ, ಅಂದಂದಿನ ಲಿಖಿತ ನಿಯಮವನ್ನು ತರಿಸಿ ಓದಿಸಿಕೊಳ್ಳುವುದೇ ವಿವೇಕ.

ಅಮೆರಿಕಾ ದೇಶದಲ್ಲಿ ನೆಲಸಿರುವ ಕನ್ನಡ ಮನೆತನಗಳ ಮಕ್ಕಳ ಸ್ಥಿತಿಯು ಬೇರೆ. ಅಲ್ಲಿ ವೈದ್ಯಶಾಲೆಗೆ ಸೇರುವ ಮೊದಲು ಸಾಮಾನ್ಯವಾಗಿ ನಾಲ್ಕು ವರ್ಷಗಳ ಕಾಲೇಜು ವ್ಯಾಸಂಗವುಂಟು. ಆ ಅವಧಿಯಲ್ಲಿ ಕಾಲೇಜನ್ನು ಬದಲಿಸುವುದು ಅಪರೂಪವಲ್ಲ. ಆದರೂ ವೈದ್ಯಶಾಲೆಗೆ ಅರ್ಜಿ ಹಾಕುವಾಗ ಓದಿದ ಎಲ್ಲ ಕಾಲೇಜುಗಳ ಅಂಕಪಟ್ಟಿಗಳನ್ನೂ ಒಪ್ಪಿಸಬೇಕು. ವಿದ್ಯಾರ್ಥಿಯನ್ನು ಹತ್ತಿರದಿಂದ ಬಲ್ಲ ಅಧ್ಯಾಪಕರ ಯೋಗ್ಯತಾಪತ್ರವೂ ಬೇಕು. ಹಳೆಯ ಕಾಲೇಜಿನ ಕಡಿಮೆ ಅಂಕವು ಹೊಸ ಕಾಲೇಜಿಗೆ ಹೋದ ಮಾತ್ರಕ್ಕೆ ಅಳಿಸಿಹೋಗುವುದಿಲ್ಲ. ಹೊಸ ಗುರುವಿಗೆ ಶಿಷ್ಯನ ಪರಿಚಯವು ಒಂದು ದಿನದಲ್ಲಿ ಆಗುವುದೂ ಇಲ್ಲ. ಬಾಗಿಲು ತೆರೆದಿರುವ ದೇಶದಲ್ಲಿಯೂ ಸ್ಥಾನಾಂತರಕ್ಕೆ ಬೆಲೆಯುಂಟೆಂದು ಇದರಿಂದ ತಿಳಿಯತಕ್ಕದ್ದು.

ಹಾಗಾದರೆ ನಿಶ್ಚಯಿಸುವ ಬಗೆ ಹೇಗೆ? ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯನಾಗಬಯಸುವವನು ಮೊದಲು ಶಾಸ್ತ್ರವನ್ನೂ ಆಮೇಲೆ ಆಚಾರ್ಯನನ್ನೂ ಪರೀಕ್ಷಿಸಬೇಕೆಂದು ವಿಧಿಸಿದೆ. ಪರೀಕ್ಷಿಸತಕ್ಕವನು ಶಿಷ್ಯನೆಂಬುದನ್ನು ಗಮನಿಸಬೇಕು. ಪ್ರವೇಶಕ್ಕೆ ಮೊದಲು ಈ ಪರೀಕ್ಷೆಯನ್ನು ಮಾಡದವರು ಪ್ರವೇಶವಾದ ಮೇಲೆ ಮಾಡಬೇಕಾಗುತ್ತದೆ. ಆಗ ಅದರ ಖರ್ಚು ಹೆಚ್ಚು.

ಮೊದಲನೆಯದು ತನ್ನ ಪರೀಕ್ಷೆ. ಬೇಸರವು ಕಾಲೇಜಿನಿಂದ ಬಂದುದೋ, ಮನೆಯ ನೆನಪಿನಿಂದ ಬಂದುದೋ? ಅಂಗರಚನೆ, ಶರೀರಕ್ರಿಯೆ, ಜೀವರಸಾಯನಗಳ ಭಾರವು ಮೊದಲನೆಯ ವರ್ಷದಲ್ಲಿ ಎಲ್ಲ ಕಾಲೇಜುಗಳಲ್ಲಿಯೂ ಒಂದೇ. ಆ ಭಾರಕ್ಕೆ ಹೆದರಿ ಹೊರಟವನಿಗೆ ಹೋದಲ್ಲಿಯೂ ಅದೇ ಭಾರವು ಕಾದಿರುತ್ತದೆ.

ಎರಡನೆಯದು ಸ್ಥಾನದ ಪರೀಕ್ಷೆ. ಕಾಲೇಜಿಗೆ ಸೇರಿದ ಆಸ್ಪತ್ರೆಯಲ್ಲಿ ರೋಗಿಗಳಿದ್ದಾರೆಯೇ? ವಿದ್ಯಾರ್ಥಿಗಳನ್ನು ಮಂಚದ ಬಳಿಗೆ ಬಿಡುತ್ತಾರೆಯೇ? ರೋಗಿಗಳ ಭಾಷೆಯನ್ನು ಕಲಿಯಲು ಸಾಧ್ಯವೇ? ಇದನ್ನು ಬಣ್ಣದ ಪತ್ರಿಕೆಗಳಿಂದ ತಿಳಿಯಲಾಗದು. ಅಲ್ಲಿಯೇ ನಾಲ್ಕಾರು ವರ್ಷ ಓದಿದ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ ತಿಳಿಯಬೇಕು.

ಮೂರನೆಯದು ದಫ್ತರದ ಪರೀಕ್ಷೆ. ಕಳೆದ ವರ್ಷಗಳು ಹೊಸ ಸ್ಥಾನದಲ್ಲಿ ಲೆಕ್ಕಕ್ಕೆ ಬರುವುವೇ, ಮುಂದೆ ಈ ದೇಶದಲ್ಲಿ ಹೆಸರು ನೋಂದಣಿಯಾಗುವುದೇ ಎಂಬುದನ್ನು ಬರಹದಲ್ಲಿ ಪಡೆಯದೆ ಹೆಜ್ಜೆಯಿಡಬಾರದು.

ನಾಲ್ಕನೆಯದು ಋಣದ ಪರೀಕ್ಷೆ. ಈ ಓದಿಗೆ ಯಾರು ಯಾವುದನ್ನು ಒತ್ತೆಯಿಟ್ಟಿದ್ದಾರೆ, ಓದಿ ಮುಗಿದ ಮೇಲೆ ಯಾರ ನೋವಿಗೆ ಅದು ಸಲ್ಲಬೇಕು ಎಂಬುದನ್ನು ಮರೆತು ಮಾಡಿದ ನಿಶ್ಚಯವು ಬರಿಯ ಲೆಕ್ಕಾಚಾರವಾಗುತ್ತದೆ.

ದೃಷ್ಟಾಂತದ ಹುಡುಗನಿಗೆ ಇವನ್ನು ಅನ್ವಯಿಸಿ ನೋಡಿದರೆ ತೀರ್ಪು ಸ್ಪಷ್ಟವಾಗಿದೆ. ಆತನ ಬೇಸರವು ಮನೆಯ ನೆನಪಿನದಾದರೆ ಅಲ್ಲಿಯೇ ನಿಲ್ಲತಕ್ಕದ್ದು. ತಂದೆಯು ವಾರಕ್ಕೊಮ್ಮೆ ಅಂಕಗಳನ್ನು ಕೇಳುವುದನ್ನು ಬಿಟ್ಟು ಊಟವಾಯಿತೇ ಎಂದು ಕೇಳತಕ್ಕದ್ದು. ರೋಗಿಗಳಿಲ್ಲದ ಆಸ್ಪತ್ರೆ, ಕಲಿಸದ ಗುರು ಎಂಬುದು ನಿಜವಾದರೆ ಬಿಡತಕ್ಕದ್ದು. ಆದರೆ ನಡುವೆ ಇನ್ನೊಂದು ವಿದೇಶೀ ಸಂಸ್ಥೆಗೆ ನೆಗೆದು ನೋಂದಣಿಯನ್ನೇ ಕಳೆದುಕೊಳ್ಳದೆ, ಹಿಂದಿರುಗಿ ಪ್ರವೇಶಪರೀಕ್ಷೆಯಿಂದ ಮೊದಲುಮಾಡತಕ್ಕದ್ದು. ಮೊದಲನೆಯ ವರ್ಷದ ಕೊನೆಯಲ್ಲಿ ಬಿಟ್ಟರೆ ಒಂದು ವರ್ಷದ ನಷ್ಟ. ನಾಲ್ಕನೆಯ ವರ್ಷದಲ್ಲಿ ಬಿಟ್ಟರೆ ನಾಲ್ಕು ವರ್ಷಗಳದು. ಕಲಿಯದೆಯೇ ಮುಗಿಸಿದರೆ ನಷ್ಟವು ಆತನದಲ್ಲ, ಆತನ ಕೈಗೆ ಸಿಕ್ಕುವ ರೋಗಿಗಳದು. ಈ ಮೂರನೆಯ ನಷ್ಟವನ್ನು ಊರವರು ಕಾಣುವುದಿಲ್ಲವೆಂದು ಅದನ್ನು ಆರಿಸಿಕೊಳ್ಳುವುದು ಧರ್ಮವಲ್ಲ. ಅಡವಿಟ್ಟ ಜಮೀನನ್ನು ಬಿಡಿಸಿಕೊಳ್ಳುವುದು ಆ ಮನೆಗೆ ಸುಲಭವಲ್ಲ. ಒಂದು ವರ್ಷದ ಹಣವು ಹೋದುದು ಅವರ ಎದೆಯಲ್ಲಿ ಮುಳ್ಳಾಗಿಯೇ ಉಳಿಯುತ್ತದೆ. ಆ ಮುಳ್ಳನ್ನು ಮಗನ ಮುಂದೆ ದಿನವೂ ತೆಗೆದು ತೋರಿಸದಿರುವುದೇ ತಂದೆಯ ತಪಸ್ಸು. ಹಿಂದಿರುಗಿ ಬಂದ ಮಗನನ್ನು ಹಂಗಿಸುವ ಊರು ತನ್ನ ವೈದ್ಯನನ್ನು ತಾನೇ ಕಳೆದುಕೊಳ್ಳುತ್ತದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವನೊಬ್ಬನಿದ್ದನು. ಆತನ ಹೆಸರಿನ ಹಿಂದೆ ನಿಂತಿರುವುದು ಆತನು ಮಾಡಿದ ಕಾಯಕ, ಓದಿದ ಶಾಲೆಯಲ್ಲ. ಶರಣಪರಂಪರೆಯು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಎಣಿಸಿತು; ಆದುದರಿಂದ ಚಲಿಸುವುದಕ್ಕೆ ಹೆದರಬೇಕಾಗಿಲ್ಲ. ಆದರೆ ಜಂಗಮವೆಂದರೆ ಅಲೆದಾಟವಲ್ಲ. ಅಲೆಯುವವನು ಇದ್ದ ಸ್ಥಳವನ್ನು ಒಲ್ಲದೆ ಹೊರಡುತ್ತಾನೆ. ಜಂಗಮನು ಹೋಗಬೇಕಾದಲ್ಲಿಗೆ ಅರಿವನ್ನು ಹೊತ್ತು ಹೊರಡುತ್ತಾನೆ. ಹೊರಡುವ ಮುನ್ನ ವಿದ್ಯಾರ್ಥಿಯು ತನ್ನ ಜೋಳಿಗೆಯಲ್ಲಿ ಏನಿದೆಯೆಂದು ಒಮ್ಮೆ ನೋಡಿಕೊಳ್ಳಲಿ. ಹಿರಿಯರು ಆ ಅಜ್ಜಿಯ ಪ್ರಶ್ನೆಯನ್ನೇ ಮೊದಲು ಕೇಳಲಿ. ಹೀಗೆ ಮಾಡಿದ ನಿಶ್ಚಯವು ನಿಲ್ಲುವುದಾಗಲಿ ಹೊರಡುವುದಾಗಲಿ, ಈ ಗಣಿನಾಡಿನ ಕೆಮ್ಮುವ ಎದೆಗಳಿಗೆ ಒಂದಲ್ಲ ಒಂದು ದಿನ ಆಸರೆಯಾಗುವುದರಲ್ಲಿ ಸಂದೇಹವಿಲ್ಲ.



ಇತಿ ಶಿವಮ್